ಸಣ್ಣ ಪ್ಲಾಸ್ಟಿಕ್ ಮನೆಗಳಲ್ಲಿ ಟೊಮೆಟೊ ಬೆಳೆಯನ್ನು ಅತಿ ಶಾಖದಿಂದ ಕಾಪಾಡುವ ಕ್ರಮ

ಪೀಠಿಕೆ

ಟೊಮೆಟೊ ಹಣ್ಣು ಈಗ ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರ ಅಡಿಗೆಮನೆಗೂ ಬೇಕಾದ ಪದಾರ್ಥವಾಗಿದೆ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ಸೀಮೆಗಳಲ್ಲಿ ಅನೇಕ ಕುಟುಂಬಗಳಿಗೆ ಇದೇ ಮುಖ್ಯ ಜೀವನಾಧಾರ. ಬಿಳಿನೊಣದಿಂದ ಹರಡುವ ಎಲೆ ಮುದುರು ರೋಗ, ಕಾಯಿಕೊರಕ, ಅಕಾಲದ ಮಳೆ ಇವುಗಳಿಂದ ಬೆಳೆಯನ್ನು ರಕ್ಷಿಸುವ ಉದ್ದೇಶದಿಂದ ಒಂದು ಗುಂಟೆಯಿಂದ ಹತ್ತು ಗುಂಟೆಯವರೆಗೆ ಪಾಲಿಹೌಸ್ ಎಂದು ಕರೆಯಲ್ಪಡುವ ಪ್ಲಾಸ್ಟಿಕ್ ಮನೆಗಳನ್ನು ಕಟ್ಟಿಸಿಕೊಂಡಿರುವ ರೈತರು ಅನೇಕರಿದ್ದಾರೆ. ಇವರಲ್ಲಿ ಸಾಲಮಾಡಿ ಕಟ್ಟಿಸಿದವರೇ ಹೆಚ್ಚು.

ಹೀಗಿರುವಲ್ಲಿ, ಫಾಲ್ಗುಣ ಮಾಸ ಕಳೆದು ಬಿಸಿಲು ಬಲಿಯುತ್ತ ಬಂದಂತೆ ಕೆಲವು ಮನೆಗಳಲ್ಲಿ ಗಿಡಗಳು ಆಳೆತ್ತರ ಬೆಳೆದು ಹಸುರಾಗಿದ್ದರೂ ಹೂಗಳು ತೊಟ್ಟಿನ ಗೆಣ್ಣಿನಲ್ಲಿಯೇ ಕಳಚಿ ಬೀಳುವುವು. ಕಾಯಿ ಕಚ್ಚದು. ಕಚ್ಚಿದ ಕಾಯಿಯೂ ಕೆಂಪೇರದೆ ಹಳದಿಯಾಗಿಯೇ ಉಳಿಯುವುದು. ರೈತನು ಇದನ್ನು ರೋಗವೆಂದು ಭಾವಿಸಿ ಒಂದಾದಮೇಲೊಂದು ಔಷಧವನ್ನು ಸಿಂಪಡಿಸಿ ಹಣವನ್ನೂ ಶ್ರಮವನ್ನೂ ಕಳೆದುಕೊಳ್ಳುವನು. ವಾಸ್ತವದಲ್ಲಿ ಇದು ಔಷಧದಿಂದ ಹೋಗತಕ್ಕ ರೋಗವಲ್ಲ. ಮನೆಯೊಳಗೆ ಸೆರೆಸಿಕ್ಕಿದ ಬಿಸಿಗಾಳಿಯ ಫಲ. ಈ ಹಾನಿಯನ್ನು ಮೊದಲೇ ತಡೆಯಬಹುದು. ಆದಮೇಲೆ ಸರಿಪಡಿಸುವುದು ಸಾಧ್ಯವಿಲ್ಲ. ಆದುದರಿಂದ ಜಮೀನುದಾರರೂ ಗ್ರಾಮದ ಮುಖಂಡರೂ ಈ ವಿಷಯವನ್ನು ಬೇಸಗೆಗೆ ಮುಂಚಿತವಾಗಿಯೇ ತಿಳಿದಿರುವುದು ಅವಶ್ಯಕ.

1. ಪ್ಲಾಸ್ಟಿಕ್ ಮನೆಯು ಕಾಯುವುದಕ್ಕೆ ಕಾರಣ

ಗಾಜಿನ ಮನೆಗಳೂ ಪ್ಲಾಸ್ಟಿಕ್ ಮನೆಗಳೂ ಮೊದಲು ಹುಟ್ಟಿದ್ದು ಶೀತದೇಶಗಳಲ್ಲಿ. ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ ಪ್ರೊಫೆಸರ್ ಎಮ್ಮರ್ಟ್ ಎಂಬವರು 1948ರಲ್ಲಿ ದುಬಾರಿಯಾದ ಗಾಜಿಗೆ ಬದಲಾಗಿ ತೆಳುವಾದ ಸೆಲೊಫೇನ್ ಹಾಳೆಯನ್ನು ಹೊದಿಸಿ ಇಂತಹ ಮನೆಯನ್ನು ಕಟ್ಟಿದರು. ಅಲ್ಲಿ ಉದ್ದೇಶವಿದ್ದದ್ದು ಚಳಿಯಲ್ಲಿ ಶಾಖವನ್ನು ಹಿಡಿದಿಡುವುದು. ನಮ್ಮ ಬಯಲುಸೀಮೆಯಲ್ಲಿ ಶಾಖಕ್ಕೆ ಕೊರತೆಯಿಲ್ಲ. ಇಲ್ಲಿ ಮನೆಯು ಬೇಕಾಗಿರುವುದು ಮಳೆಯನ್ನೂ ಕೀಟವನ್ನೂ ತಡೆಯುವುದಕ್ಕೆ. ಶೀತದೇಶದ ಕ್ರಮದಲ್ಲಿ ನಾಲ್ಕು ಮಗ್ಗುಲನ್ನೂ ಮುಚ್ಚಿ ಕಟ್ಟಿದರೆ, ಬೇಡವಾದ ಶಾಖವನ್ನು ಹಣಕೊಟ್ಟು ಕೊಂಡಂತಾಗುವುದು.

ಬಿಸಿಲು ಪ್ಲಾಸ್ಟಿಕ್ ಹಾಳೆಯನ್ನು ದಾಟಿ ಒಳಗೆ ಬಂದು ನೆಲ, ಗಿಡ, ಕಂಬಗಳನ್ನು ಕಾಯಿಸುವುದು. ಅವುಗಳಿಗೆ ತಗಲಿದ ಗಾಳಿಯು ಕಾದು ಹಗುರವಾಗಿ ಮೇಲೇರುವುದು. ಬಯಲಿನಲ್ಲಾದರೆ ಆ ಗಾಳಿಯು ಮೇಲಕ್ಕೆ ಹೋಗಿಬಿಟ್ಟು ಅದರ ಸ್ಥಳಕ್ಕೆ ತಂಪುಗಾಳಿಯು ಬರುವುದು. ಮನೆಯೊಳಗಾದರೆ ಹಾಳೆಯು ಅದನ್ನು ತಡೆಯುವುದರಿಂದ ಗಾಳಿಯು ಅಲ್ಲಿಯೇ ಸುತ್ತಿ ಸುತ್ತಿ ಮತ್ತಷ್ಟು ಕಾಯುವುದು. 1909ರಲ್ಲಿ ರಾಬರ್ಟ್ ವುಡ್ ಎಂಬ ಅಮೆರಿಕದ ಭೌತಶಾಸ್ತ್ರಜ್ಞರು ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೆ ಗಾಜನ್ನೂ ಮತ್ತೊಂದಕ್ಕೆ ಕಾಂತಿಶಾಖವನ್ನು ಹೊರಕ್ಕೆ ಬಿಡತಕ್ಕ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ ಬಿಸಿಲಿನಲ್ಲಿಟ್ಟು ನೋಡಿದಾಗ, ಎರಡೂ ಹೆಚ್ಚು ಕಡಮೆ ಒಂದೇ ಮಟ್ಟಕ್ಕೆ ಕಾದುವು. ಇದರಿಂದ, ಇಂತಹ ಮನೆಗಳು ಕಾಯುವುದಕ್ಕೆ ಮುಖ್ಯ ಕಾರಣ ಗಾಳಿಯು ಸೆರೆಸಿಕ್ಕುವುದೇ ಎಂದು ವಿಶದವಾಯಿತು. ಸಾಧಾರಣ ಪಾಲಿಥೀನ್ ಹಾಳೆಯ ವಿಷಯದಲ್ಲಿ ಇದು ಮತ್ತಷ್ಟು ನಿಜ.

ಮುಚ್ಚಿದ ಪ್ಲಾಸ್ಟಿಕ್ ಮನೆಯೊಳಗೆ ಮಧ್ಯಾಹ್ನದ ಶಾಖವು ಹೊರಗಿನದಕ್ಕಿಂತ 10 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಾಗಿ ಏರಬಹುದು. ಮನೆಯು ಚಿಕ್ಕದಾಗಿಯೂ ತಗ್ಗಾಗಿಯೂ ಇದ್ದಷ್ಟೂ ಅದರೊಳಗಿನ ಗಾಳಿಯ ಪ್ರಮಾಣ ಕಡಮೆಯಾದುದರಿಂದ, ಚಿಕ್ಕ ಪಾತ್ರೆಯ ನೀರು ಬೇಗ ಕುದಿಯುವಂತೆ, ಅದು ಬೇಗ ಕಾಯುವುದು. ದೊಡ್ಡ ಮನೆಯಲ್ಲಿ ಎರಡು ಗಂಟೆಯಲ್ಲಿ ಆಗುವ ಕೇಡು ಸಣ್ಣ ಮನೆಯಲ್ಲಿ ಅರ್ಧ ಗಂಟೆಯಲ್ಲಿಯೇ ಆಗಬಹುದು. ಆದುದರಿಂದ ಸಣ್ಣ ಮನೆಯವನಿಗೆ ಎಚ್ಚರಿಕೆಯು ಹೆಚ್ಚಾಗಿರತಕ್ಕದ್ದು.

2. ಶಾಖದಿಂದ ಬೆಳೆಗೆ ಆಗುವ ಹಾನಿ

ಟೊಮೆಟೊ ಗಿಡಕ್ಕೆ ಹಗಲಿನಲ್ಲಿ 21ರಿಂದ 27 ಡಿಗ್ರಿ, ರಾತ್ರಿಯಲ್ಲಿ 15ರಿಂದ 20 ಡಿಗ್ರಿ ಶಾಖವು ಹಿತಕರ. ಹಗಲಿನ ಶಾಖವು 32 ಡಿಗ್ರಿಯನ್ನು ಮೀರಿ ಹಲವು ಗಂಟೆಗಳ ಕಾಲ ನಿಂತರೆ ಹೂವಿನ ಪರಾಗವು ಕೆಡಲಾರಂಭಿಸುವುದು. 35 ಡಿಗ್ರಿಯ ಮೇಲೆ ದಿನದಿನವೂ ಹೋಗುತ್ತಿದ್ದರೆ ಬಹುಪಾಲು ಹೂಗಳು ಕಾಯಿ ಕಚ್ಚದೆ ಉದುರುವುವು. ರಾತ್ರಿಯೂ 24 ಡಿಗ್ರಿಗೆ ಇಳಿಯದೆ ಇದ್ದರೆ ಹಾನಿಯು ಇಮ್ಮಡಿಸುವುದು. ಹೂವಿನ ಹೆಣ್ಣುಭಾಗವಾದ ಶಲಾಕೆಯು ಕೇಸರಗಳ ಕೊಳವೆಯನ್ನು ದಾಟಿ ಹೊರಕ್ಕೆ ಚಾಚಿಕೊಂಡು, ಪರಾಗವು ಅದಕ್ಕೆ ತಗಲದಿರುವುದೂ ಉಂಟು.

ಇಲ್ಲಿ ಮುಖ್ಯವಾಗಿ ಲಕ್ಷ್ಯದಲ್ಲಿಡಬೇಕಾದ ಸಂಗತಿಯೊಂದಿದೆ. ಪರಾಗವು ಅತ್ಯಂತ ಸೂಕ್ಷ್ಮವಾಗಿರುವುದು ಹೂ ಅರಳಿದ ದಿನ ಮಾತ್ರವಲ್ಲ. ಅರಳುವುದಕ್ಕೆ ಒಂದು ವಾರದಿಂದ ಎರಡು ವಾರ ಮುಂಚೆ ಮೊಗ್ಗು ಸಣ್ಣದಾಗಿರುವಾಗಲೂ ಅದು ಶಾಖಕ್ಕೆ ಕೆಡುವುದು. ಈ ದಿನ ಮನೆಯು ಮೀರಿ ಕಾದರೆ ಅದರ ಫಲವು ಮುಂದಿನ ಹದಿನೈದು ದಿನಗಳ ಹೂಗಳಲ್ಲಿ ಕಾಣುವುದು. ಎಲೆ ಬಾಡದೆ ಇದ್ದುದರಿಂದ ಹಾನಿಯಾಗಲಿಲ್ಲವೆಂದು ತಿಳಿಯುವುದು ತಪ್ಪು. ನೀರು ಸಾಕಷ್ಟಿದ್ದರೆ ಎಲೆಯು ಬಾಡದೆಯೇ ಪರಾಗವು ಕೆಟ್ಟುಹೋಗಬಹುದು.

ಈ ನಷ್ಟವನ್ನು ಲೆಕ್ಕಹಾಕಿ ನೋಡುವುದು ಉತ್ತಮ. ಒಂದು ಗುಂಟೆಯ ಮನೆಯಲ್ಲಿ ಸುಮಾರು 250 ಗಿಡಗಳಿರುವುವು. ಗಿಡವು ಸಾಧಾರಣವಾಗಿ ವಾರಕ್ಕೆ ಒಂದರಂತೆ ಹೂಗೊಂಚಲನ್ನು ಬಿಡುವುದು. ಎರಡು ವಾರದ ಶಾಖದಿಂದ ಗಿಡವೊಂದಕ್ಕೆ ಎರಡು ಗೊಂಚಲು ಹಾಳಾಯಿತೆಂದೂ, ಗೊಂಚಲಿಗೆ ನಾಲ್ಕು ಕಾಯಿ, ಕಾಯಿಗೆ 80 ಗ್ರಾಂ ತೂಕವೆಂದೂ ಇಟ್ಟುಕೊಂಡರೆ, ಕಳೆದುಹೋದುದು 160 ಕಿಲೋ. ಎಂದರೆ 15 ಕಿಲೋ ಹಿಡಿಯುವ ಹತ್ತು ಪೆಟ್ಟಿಗೆಗೂ ಹೆಚ್ಚು. ಹೂವಿನಿಂದ ಹಣ್ಣಾಗುವುದಕ್ಕೆ ಸುಮಾರು 45ರಿಂದ 55 ದಿನಗಳು ಬೇಕಾದುದರಿಂದ, ಮೇ ತಿಂಗಳ ಕಡೆಯಲ್ಲಿ ಉದುರಿದ ಹೂವಿನ ನಷ್ಟವು ಜುಲೈ ತಿಂಗಳ ಪೇಟೆಯಲ್ಲಿ ತಿಳಿದುಬರುವುದು. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಪೆಟ್ಟಿಗೆಗೆ ಎರಡು ಸಾವಿರ ರೂಪಾಯಿಗಳಿಗೂ ಮೇಲ್ಪಟ್ಟು ಬೆಲೆ ಬಂದಿತ್ತು. ಅಂತಹ ಸಮಯದಲ್ಲಿ ಕಾಯಿಯಿಲ್ಲದ ಗಿಡಗಳನ್ನು ನೋಡುತ್ತ ನಿಲ್ಲುವ ಸ್ಥಿತಿಯು ಯಾವ ರೈತನಿಗೂ ಬರಕೂಡದು.

3. ಹಾನಿಯ ಗುರುತುಗಳು

(ಅ) ಹೂಗಳು ಒಣಗಿ ತೊಟ್ಟಿನ ಗೆಣ್ಣಿನಲ್ಲಿ ಕಳಚಿ ಬೀಳುವುದು.

(ಆ) ಕಾಯಿಗಳು ಗೋಲಿಯಷ್ಟಾಗಿ ನಿಂತುಬಿಡುವುದು. ಕೊಯ್ದು ನೋಡಿದರೆ ಒಳಗೆ ಬೀಜವಿಲ್ಲದಿರುವುದು.

(ಇ) ಕೆಳಗಿನ ಎಲೆಗಳು ಮಧ್ಯಾಹ್ನ ಉದ್ದಕ್ಕೆ ಮೇಲ್ಮುಖವಾಗಿ ಸುರುಳಿಕೊಳ್ಳುವುದು. ಎಲೆ ಮುದುರು ರೋಗದಲ್ಲಿ ಎಳೆಯ ಎಲೆಗಳು ಸಣ್ಣವಾಗಿ ಹಳದಿಗೂಡಿ ಗಿಡವು ಗಿಡ್ಡಾಗುವುದು. ಶಾಖದ ಸುರುಳಿಯಲ್ಲಿ ಹಾಗಾಗದು. ಇವೆರಡನ್ನೂ ಬೇರ್ಪಡಿಸಿ ತಿಳಿಯಬೇಕು.

(ಈ) ಹಣ್ಣು ಕೆಂಪಾಗದೆ ಹೆಗಲಿನ ಭಾಗವು ಹಳದಿಯಾಗಿ ಗಟ್ಟಿಯಾಗಿರುವುದು. ಹಣ್ಣಿಗೆ ಕೆಂಪು ಬಣ್ಣವನ್ನು ಕೊಡುವ ಲೈಕೋಪೀನ್ ಎಂಬ ದ್ರವ್ಯವು 30 ಡಿಗ್ರಿಯ ಮೇಲೆ ಸರಿಯಾಗಿ ಉಂಟಾಗದು. ಹಳದಿಯ ದ್ರವ್ಯವಾದರೋ ಉಂಟಾಗುತ್ತಲೇ ಇರುವುದು.

(ಉ) ಬಿಸಿಲಿಗೆ ಬಿದ್ದ ಕಾಯಿಯ ಮೈಮೇಲೆ ಬಿಳುಪಾದ, ಕಾಗದದಂತಹ ಸುಟ್ಟ ಮಚ್ಚೆ ಬೀಳುವುದು.

(ಊ) ಕಾಯಿಯ ತುದಿ ಕಪ್ಪಾಗಿ ಒಳಕ್ಕೆ ಕುಗ್ಗುವುದು. ಇದು ನೀರು ಹೆಚ್ಚು ಕಡಮೆಯಾಗಿ ಸುಣ್ಣದ ಅಂಶವು ಕಾಯಿಗೆ ತಲಪದೆ ಆಗುವ ಕೇಡು. ಬೇಸಗೆಯಲ್ಲಿ ಹೆಚ್ಚಾಗಿ ಕಾಣುವುದು.

4. ಶಾಖವನ್ನು ಅಳೆಯುವುದು

ಮೈಗೆ ತಗಲುವ ಬಿಸಿಯಿಂದ ಅಂದಾಜು ಮಾಡುವುದು ಸಾಲದು. ಪ್ರತಿಯೊಂದು ಮನೆಯಲ್ಲಿಯೂ ಒಂದು ಉಷ್ಣಮಾಪಕವು ಇರಲೇಬೇಕು. ದಿನದ ಅತ್ಯಧಿಕ ಮತ್ತು ಅತ್ಯಲ್ಪ ಶಾಖಗಳೆರಡನ್ನೂ ತೋರಿಸತಕ್ಕ ಉಪಕರಣವಾದರೆ ಉತ್ತಮ. ರೈತನು ಸಂಜೆ ಬಂದರೂ ಮಧ್ಯಾಹ್ನ ಏನಾಯಿತೆಂಬುದು ತಿಳಿಯುವುದು. ಅದನ್ನು ಮನೆಯ ಮಧ್ಯದಲ್ಲಿ, ಗಿಡದ ತುದಿಯ ಮಟ್ಟದಲ್ಲಿ ತೂಗುಹಾಕಬೇಕು. ಬಿಸಿಲು ನೇರವಾಗಿ ಬಿದ್ದರೆ ಉಪಕರಣವು ತಾನೇ ಕಾದು ಸುಳ್ಳು ಲೆಕ್ಕ ತೋರಿಸುವುದರಿಂದ, ಮೇಲೆ ಬಿಳಿಯ ಬಣ್ಣ ಬಳಿದ ಚಿಕ್ಕ ಹಲಗೆಯನ್ನು ಮರೆಯಾಗಿ ಕಟ್ಟಿ, ಮಗ್ಗುಲುಗಳಲ್ಲಿ ಗಾಳಿಯಾಡುವಂತೆ ಬಿಡತಕ್ಕದ್ದು. ಮಧ್ಯಾಹ್ನ ಎರಡು ಗಂಟೆಗೆ ಕಂಡ ಲೆಕ್ಕವನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಹೂ ಉದುರಿದಾಗ ಹಿಂದಿನ ಹದಿನೈದು ದಿನಗಳ ಲೆಕ್ಕವು ಕಾರಣವನ್ನು ತಾನೇ ಹೇಳುವುದು.

5. ಮೊದಲನೆಯ ಉಪಾಯ: ಗಾಳಿ

ಕಾರಣವು ಸೆರೆಸಿಕ್ಕಿದ ಗಾಳಿಯಾದುದರಿಂದ, ಮೊದಲನೆಯ ಉಪಾಯವು ಅದನ್ನು ಹೊರಕ್ಕೆ ಬಿಡುವುದೇ. ಬಿಸಿಗಾಳಿಯು ಮೇಲೇರುವ ಸ್ವಭಾವವುಳ್ಳದ್ದು. ಅಡಿಗೆಮನೆಗೆ ಹೊಗೆ ಹೋಗುವ ಗವಾಕ್ಷಿಯನ್ನು ನೆತ್ತಿಯಲ್ಲಿಯೇ ಬಿಡುವುದು ನಮ್ಮ ಹಿರಿಯರ ಪದ್ಧತಿ. ಪ್ಲಾಸ್ಟಿಕ್ ಮನೆಗೂ ನ್ಯಾಯವು ಅದೇ. ನೆತ್ತಿಯಲ್ಲಿ ಉದ್ದಕ್ಕೂ ಒಂದು ಗಾಳಿಕಿಂಡಿಯೂ ಎರಡು ಮಗ್ಗುಲುಗಳಲ್ಲಿ ಸುತ್ತಿ ಮೇಲೆತ್ತತಕ್ಕ ಪರದೆಗಳೂ ಇರಬೇಕು. ಮಗ್ಗುಲಿನಿಂದ ತಂಪುಗಾಳಿಯು ಒಳಕ್ಕೆ ಬಂದು ನೆತ್ತಿಯಿಂದ ಬಿಸಿಗಾಳಿಯು ಹೊರಕ್ಕೆ ಹೋಗುವುದು. ಹೊರಗೆ ಗಾಳಿ ಬೀಸದ ದಿನವೂ ಈ ಕ್ರಮವು ತಾನಾಗಿಯೇ ನಡೆಯುವುದು. ನೆತ್ತಿಕಿಂಡಿಯ ಬಾಯಿಯು ಆ ಊರಿನಲ್ಲಿ ಹೆಚ್ಚಾಗಿ ಗಾಳಿ ಬೀಸುವ ದಿಕ್ಕಿಗೆ ವಿಮುಖವಾಗಿದ್ದರೆ, ಬೀಸುವ ಗಾಳಿಯು ಒಳಗಿನದನ್ನು ಎಳೆದುಕೊಂಡು ಹೋಗುವುದು. ಮಳೆಯ ಎರಚಲೂ ಒಳಕ್ಕೆ ಬೀಳದು.

ಕಿಂಡಿಗಳ ಅಳತೆಗೆ ಒಂದು ಉದಾಹರಣೆ: 24 ಅಡಿ ಅಗಲ, 45 ಅಡಿ ಉದ್ದದ ಮನೆಯ ನೆಲವು 1,080 ಚದರಡಿ, ಎಂದರೆ ಹೆಚ್ಚು ಕಡಮೆ ಒಂದು ಗುಂಟೆ. ಎರಡು ಉದ್ದನೆಯ ಮಗ್ಗುಲುಗಳಲ್ಲಿ 4 ಅಡಿ ಎತ್ತರದ ಕಿಂಡಿಯನ್ನು ಬಿಟ್ಟರೆ 360 ಚದರಡಿ ಆಗುವುದು. ನೆತ್ತಿಯಲ್ಲಿ ಎರಡೂವರೆ ಅಡಿಯ ಕಿಂಡಿಯು ಸುಮಾರು 112 ಚದರಡಿ. ಒಟ್ಟು 472 ಚದರಡಿ. ನೆಲದ ವಿಸ್ತಾರದಲ್ಲಿ ನೂರಕ್ಕೆ ಸುಮಾರು 44 ಪಾಲು. ನಮ್ಮ ಬಯಲುಸೀಮೆಯಲ್ಲಿ ಇಷ್ಟಿದ್ದರೆ ಒಳ್ಳೆಯದು. ನೂರಕ್ಕೆ 30ಕ್ಕಿಂತ ಕಡಮೆಯಾಗಿರುವ ಮನೆಯು ಬೇಸಗೆಯಲ್ಲಿ ಟೊಮೆಟೊ ಬೆಳೆಗೆ ತಕ್ಕದ್ದಲ್ಲ.

ಇಷ್ಟು ಅಗಲವಾದ ಕಿಂಡಿಯು ಅವಶ್ಯಕವಾಗುವುದಕ್ಕೆ ಕೀಟದ ಬಲೆಯೇ ಕಾರಣ. ಬಿಳಿನೊಣವನ್ನು ತಡೆಯುವುದಕ್ಕಾಗಿ ಕಟ್ಟುವ 40 ಮೆಶ್ಶಿನ ಬಲೆಯು ಗಾಳಿಯನ್ನೂ ಸುಮಾರು ಅರ್ಧದಷ್ಟರ ಮಟ್ಟಿಗೆ ತಡೆಯುವುದು. ಸೆಕೆಯೆಂದು ಕೆಲವರು ಬಲೆಯನ್ನೇ ಬಿಚ್ಚಿಬಿಡುವುದುಂಟು. ಇದು ಸರ್ವಥಾ ಕೂಡದು. ಬಿಳಿನೊಣ ಬಂದರೆ ಎಲೆ ಮುದುರು ರೋಗವು ಬೆನ್ನಹಿಂದೆಯೇ ಬರುವುದು. 2014ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಟೂಟಾ ಎಂಬ ಎಲೆ ಸುರಂಗದ ಹುಳುವೂ ಹೀಗೆಯೇ ಒಳಹೊಗುವುದು. ಬಲೆಯನ್ನು ಬಿಚ್ಚುವುದಕ್ಕೆ ಬದಲಾಗಿ ಕಿಂಡಿಯನ್ನು ಹಿಗ್ಗಿಸಬೇಕು. ರಸ್ತೆಯ ಧೂಳಿನಿಂದ ಬಲೆಯ ಕಣ್ಣುಗಳು ಮುಚ್ಚಿಹೋಗುವುದರಿಂದ, ಬೇಸಗೆಯಲ್ಲಿ ಹದಿನೈದು ದಿನಗಳಿಗೊಮ್ಮೆ ನೀರು ಹಾಯಿಸಿ ತೊಳೆಯತಕ್ಕದ್ದು. ಈ ಸಣ್ಣ ಕೆಲಸವನ್ನು ಮರೆತು ಮನೆಯು ಕಾಯುತ್ತದೆಯೆಂದು ದೂರುವವರು ಅನೇಕರು.

ಹೊಸದಾಗಿ ಕಟ್ಟಿಸುವವರು ಮನೆಯ ಎತ್ತರದಲ್ಲಿ ಜಿಪುಣತನ ಮಾಡಬಾರದು. ಗಿಡದ ತುದಿಗೂ ಹಾಳೆಗೂ ನಡುವೆ ಅಂತರವು ಹೆಚ್ಚಾಗಿದ್ದಷ್ಟೂ ಬಿಸಿಗಾಳಿಯು ಹೂಗಳಿಂದ ದೂರದಲ್ಲಿರುವುದು. ಮನೆಯನ್ನು ಮರಗಳಿಗೂ ಗೋಡೆಗಳಿಗೂ ಒತ್ತಿ ಕಟ್ಟದೆ, ಗಾಳಿಯು ಸರಾಗವಾಗಿ ಬರುವ ಬಯಲಿನಲ್ಲಿ ಕಟ್ಟಬೇಕು. ಕಬ್ಬಿಣದ ಕೊಳವೆಗಳಿಗೆ ಹಾಳೆಯು ತಗಲುವ ಕಡೆ ಬಿಳಿಯ ಬಣ್ಣ ಬಳಿದರೆ, ಕೊಳವೆಯು ಕಾದು ಹಾಳೆಯು ಬೇಗ ಹರಿಯುವುದೂ ತಪ್ಪುವುದು.

ವಿದ್ಯುತ್ ಪಂಖಗಳಿಂದ ಗಾಳಿಯನ್ನು ಹೊರಕ್ಕೆಳೆದು ಒದ್ದೆ ಪರದೆಯ ಮೂಲಕ ತಂಪುಗಾಳಿಯನ್ನು ತರುವ ಏರ್ಪಾಡು ದೊಡ್ಡ ಮನೆಗಳಲ್ಲುಂಟು. ಸಣ್ಣ ರೈತನಿಗೆ ಅದರ ವೆಚ್ಚವು ಭಾರ. ಅದನ್ನು ಇಟ್ಟುಕೊಂಡವರೂ ಕೈಯಿಂದ ಎತ್ತತಕ್ಕ ಮಗ್ಗುಲ ಪರದೆಗಳನ್ನು ಬಿಡಕೂಡದು. ಮಧ್ಯಾಹ್ನದ ಹೊತ್ತು ಕರೆಂಟು ಹೋದರೆ ಮುಚ್ಚಿದ ಮನೆಯು ಒಲೆಯಂತಾಗುವುದು.

6. ಎರಡನೆಯ ಉಪಾಯ: ನೆರಳು

ಗಾಳಿಯನ್ನು ಎಷ್ಟು ಬಿಟ್ಟರೂ ಒಳಗಿನ ಗಾಳಿಯು ಹೊರಗಿನ ಗಾಳಿಯ ಮಟ್ಟಕ್ಕೆ ಬರುವುದೇ ಹೊರತು ಅದಕ್ಕಿಂತ ತಂಪಾಗದು. ಹೊರಗೇ 34 ಡಿಗ್ರಿ ಇರುವಾಗ ಬಿಸಿಲಿನ ಒಂದು ಪಾಲನ್ನು ತಡೆಯುವುದು ಅವಶ್ಯಕ. ಇದಕ್ಕೆ ನೂರಕ್ಕೆ 35ರಷ್ಟು ಬಿಸಿಲನ್ನು ತಡೆಯತಕ್ಕ ನೆರಳುಬಲೆಯು ಸಾಕು. 50ಕ್ಕಿಂತ ಹೆಚ್ಚಿನದು ಬೇಡ. ಟೊಮೆಟೊ ಬೆಳಕನ್ನು ಬಯಸುವ ಗಿಡ. ನೆರಳು ಮಿತಿಮೀರಿದರೆ ಗಿಡವು ಬಡಕಲಾಗಿ ಉದ್ದಕ್ಕೆ ಬೆಳೆದು ಕಾಯಿಯು ಕಡಮೆಯಾಗುವುದು.

ಬಲೆಯನ್ನು ಮನೆಯ ಹೊರಗಡೆ, ಹಾಳೆಗಿಂತ ಒಂದೆರಡು ಅಡಿ ಮೇಲೆ ಕಟ್ಟುವುದು ಉತ್ತಮ. ಒಳಗಡೆ ಕಟ್ಟಿದ ಕಪ್ಪು ಬಲೆಯು ಬಿಸಿಲನ್ನು ತಾನು ಹೀರಿ ಕಾದು, ಆ ಶಾಖವನ್ನು ಮನೆಯೊಳಗೇ ಬಿಡುವುದು. ಗಾಳಿಯು ಮೇಲೇರುವುದಕ್ಕೂ ಅಡ್ಡಿಯಾಗುವುದು. ಒಳಗಡೆಯೇ ಕಟ್ಟಬೇಕಾದಲ್ಲಿ ಬಿಳಿಯ ಅಥವಾ ಬೆಳ್ಳಿಬಣ್ಣದ ಬಲೆಯನ್ನು ಉಪಯೋಗಿಸಿ, ನೆತ್ತಿಕಿಂಡಿಯ ಕೆಳಗೆ ಗಾಳಿಗೆ ದಾರಿ ಬಿಡತಕ್ಕದ್ದು.

ನೆರಳುಬಲೆಗೆ ಅನುಕೂಲವಿಲ್ಲದವರು ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ತೆಳುವಾಗಿ ಕಲಸಿ, ಸ್ವಲ್ಪ ಗಂಜಿಯನ್ನು ಸೇರಿಸಿ, ಹಾಳೆಯ ಹೊರಮೈಗೆ ಎರಚಬಹುದು. ಮೊದಲು ಒಂದು ಮೂಲೆಗೆ ಎರಚಿ, ಒಣಗಿದಮೇಲೆ ಬೆಳಕು ಎಷ್ಟು ಬರುವುದೆಂದು ನೋಡಿ ಮುಂದುವರಿಯಬೇಕು. ಸುಟ್ಟ ಸುಣ್ಣವು ಲೋಹದ ಭಾಗಗಳನ್ನು ತಿನ್ನುವುದರಿಂದ ಅದನ್ನು ಉಪಯೋಗಿಸದಿರುವುದು ಲೇಸು. ಮುಂಗಾರು ಬಲವಾಗಿ ಹಿಡಿದೊಡನೆ ಬಳಿದ ಬಿಳುಪನ್ನು ತೊಳೆದು, ಬಲೆಯನ್ನು ಸುತ್ತಿಡತಕ್ಕದ್ದು. ಆಷಾಢದ ಮೋಡದ ದಿನಗಳಲ್ಲಿ ನೆರಳು ಬೆಳೆಗೆ ಶತ್ರು.

7. ಮೂರನೆಯ ಉಪಾಯ: ನೀರು

ಮಣ್ಣಿನ ಮಡಕೆಯ ನೀರು ಬೇಸಗೆಯಲ್ಲಿ ತಣ್ಣಗಿರುವುದು ಎಲ್ಲರೂ ಬಲ್ಲ ವಿಷಯ. ಮಡಕೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಶಾಖವನ್ನು ಒಯ್ಯುವುದೇ ಇದಕ್ಕೆ ಕಾರಣ. ಒಂದು ಲೀಟರು ನೀರು ಆವಿಯಾಗುವುದಕ್ಕೆ, ಅದೇ ನೀರನ್ನು ತಣ್ಣಗಿನಿಂದ ಕುದಿಯುವ ಮಟ್ಟಕ್ಕೆ ಕಾಯಿಸಲು ಬೇಕಾಗುವ ಶಾಖದ ಐದು ಪಟ್ಟಿಗೂ ಹೆಚ್ಚು ಶಾಖವು ಬೇಕು. ಟೊಮೆಟೊ ಗಿಡವೂ ತನ್ನ ಎಲೆಗಳಿಂದ ನೀರನ್ನು ಆವಿಯಾಗಿ ಬಿಡುತ್ತ ತನ್ನನ್ನೂ ಮನೆಯನ್ನೂ ತಂಪಾಗಿಡುವುದು. ಬೇರಿಗೆ ನೀರು ತಪ್ಪಿದರೆ ಎಲೆಯ ಸೂಕ್ಷ್ಮರಂಧ್ರಗಳು ಮುಚ್ಚಿಕೊಂಡು ಈ ತಂಪು ನಿಂತುಹೋಗುವುದು. ಆದುದರಿಂದ ಗಿಡಕ್ಕೆ ನೀರು ಕೊಡುವುದೇ ಮನೆಯನ್ನು ತಂಪುಮಾಡುವ ಮುಖ್ಯ ಮಾರ್ಗಗಳಲ್ಲೊಂದು.

ಬಲಿತ ಗಿಡವೊಂದಕ್ಕೆ ಬೇಸಗೆಯ ದಿನಕ್ಕೆ ಸುಮಾರು ಎರಡು ಲೀಟರು ನೀರು ಬೇಕು. 250 ಗಿಡಗಳಿಗೆ 500 ಲೀಟರು. ಇದನ್ನು ಒಂದೇ ಬಾರಿ ಕೊಡದೆ, ಹನಿ ನೀರಾವರಿಯ ಮೂಲಕ ಬೆಳಗ್ಗೆ, ಹತ್ತು ಗಂಟೆಗೆ, ಮಧ್ಯಾಹ್ನ ಹೀಗೆ ಮೂರು ನಾಲ್ಕು ಕಂತುಗಳಲ್ಲಿ ಕೊಡಬೇಕು. ಒಂದು ದಿನ ಒಣಗಿಸಿ ಮರುದಿನ ತುಂಬಿಸಿದರೆ ಕಾಯಿ ಸೀಳುವುದು, ತುದಿಯೂ ಕಪ್ಪಾಗುವುದು. ಬಿಸಿಲಿನಲ್ಲಿ ಬಿದ್ದಿರುವ ಕಪ್ಪು ಕೊಳವೆಯಲ್ಲಿ ನಿಂತ ನೀರು ಕೈಸುಡುವಷ್ಟು ಕಾಯುವುದರಿಂದ, ಕೊಳವೆಗಳನ್ನು ಹುಲ್ಲಿನಿಂದ ಮುಚ್ಚಿ, ತೊಟ್ಟಿಗೂ ನೆರಳು ಮಾಡತಕ್ಕದ್ದು. ಬುಡಕ್ಕೆ ಒಣಹುಲ್ಲನ್ನೋ, ಬೆಳ್ಳಿಬಣ್ಣವು ಮೇಲಿರುವಂತೆ ಹೊದಿಕೆ ಹಾಳೆಯನ್ನೋ ಹರಡಿದರೆ ನೆಲವು ಕಾಯದು. ಬೇಸಗೆಗೆ ಕಪ್ಪುಮೈ ಮೇಲಿರುವ ಹೊದಿಕೆಯು ತಕ್ಕುದಲ್ಲ.

ಇಷ್ಟರಿಂದಲೂ ಶಾಖವು ಇಳಿಯದಿದ್ದರೆ, ಸಾಲುಗಳ ನಡುವಣ ದಾರಿಯನ್ನು ಹನ್ನೊಂದು ಗಂಟೆಯಿಂದ ಮೂರು ಗಂಟೆಯವರೆಗೆ ಆಗಾಗ್ಗೆ ನೆನಸಬಹುದು. ಗಾಳಿಕಿಂಡಿಗಳು ತೆರೆದಿದ್ದರೆ ಮಾತ್ರ ಇದರಿಂದ ಪ್ರಯೋಜನ. ಮುಚ್ಚಿದ ಮನೆಯಲ್ಲಿ ತೇವವು ತುಂಬಿ ಸೆಕೆಯು ಹೆಚ್ಚುವುದು. ನೀರನ್ನು ಎಲೆಗಳ ಮೇಲೆ ಎರಚಕೂಡದು. ಒದ್ದೆಯೆಲೆಯಲ್ಲಿ ಅಂಗಮಾರಿ ಮೊದಲಾದ ರೋಗಗಳು ಹುಟ್ಟುವುವು. ಸಂಜೆಯ ಹೊತ್ತಿಗೆ ದಾರಿಯು ಒಣಗಿರಬೇಕು.

ಈ ಉಪಾಯವು ಒಣಹವೆಯ ಸೀಮೆಗಳಿಗೆ ಸಲ್ಲುವುದು. ಚೈತ್ರದ ಮಧ್ಯಾಹ್ನ ಕೋಲಾರದ ಗಾಳಿಯು ಒಣಗಿರುವುದರಿಂದ ನೀರು ಬೇಗ ಆವಿಯಾಗಿ ತಂಪು ಉಂಟಾಗುವುದು. ಮಂಗಳೂರು, ಉಡುಪಿಗಳ ಕರಾವಳಿಯಲ್ಲಿ ಗಾಳಿಯು ಮೊದಲೇ ತೇವದಿಂದ ತುಂಬಿರುವುದರಿಂದ ನೆಲವನ್ನು ನೆನಸಿ ಫಲವಿಲ್ಲ. ಅಲ್ಲಿ ಗಾಳಿಯನ್ನೂ ನೆರಳನ್ನೂ ಮಾತ್ರ ನಂಬಬೇಕು. ಇದನ್ನು ತಿಳಿಯುವುದಕ್ಕೆ ಒಂದು ಸುಲಭ ಪರೀಕ್ಷೆಯುಂಟು. ಉಷ್ಣಮಾಪಕದ ಬುಡಕ್ಕೆ ಒದ್ದೆಬಟ್ಟೆಯನ್ನು ಸುತ್ತಿ ಬೀಸಣಿಗೆಯಿಂದ ಗಾಳಿ ಬೀಸಿದರೆ ಲೆಕ್ಕವು ಇಳಿಯುವುದು. ಹತ್ತು ಡಿಗ್ರಿಯಷ್ಟು ಇಳಿದರೆ ನೀರಿನ ಉಪಾಯವು ಅಲ್ಲಿ ಫಲಿಸುವುದು; ಮೂರು ನಾಲ್ಕು ಡಿಗ್ರಿ ಮಾತ್ರ ಇಳಿದರೆ ನೀರು ವ್ಯರ್ಥ.

8. ಬೇಸಗೆಯ ದಿನಚರಿ

ಬೆಳಗ್ಗೆ 7 ಗಂಟೆಗೆ: ಮಗ್ಗುಲ ಪರದೆಗಳನ್ನೂ ನೆತ್ತಿಕಿಂಡಿಯನ್ನೂ ಪೂರ್ತಿಯಾಗಿ ತೆರೆಯಬೇಕು. ಮನೆಯು ಕಾದಮೇಲೆ ತೆರೆಯುವುದು, ಹಾಲು ಉಕ್ಕಿದಮೇಲೆ ಒಲೆಯನ್ನು ಆರಿಸಿದಂತೆ. ಮೊದಲನೆಯ ನೀರನ್ನು ಈ ಹೊತ್ತಿನಲ್ಲಿಯೇ ಬಿಡಬೇಕು.

10 ಗಂಟೆಗೆ: ಗಿಡಗಳನ್ನು ಕಟ್ಟಿದ ತಂತಿಗಳನ್ನು ಸಣ್ಣ ಕೋಲಿನಿಂದ ಮೆಲ್ಲಗೆ ತಟ್ಟಿ ಅಲುಗಿಸಬೇಕು. ಬಲೆಯೊಳಗೆ ಗಾಳಿಯೂ ಜೇನ್ನೊಣಗಳೂ ಕಡಮೆಯಾದುದರಿಂದ ಪರಾಗವು ತಾನಾಗಿ ಉದುರದು. ಶಾಖವೇರುವುದಕ್ಕೆ ಮುಂಚೆ ಈ ಕೆಲಸವು ಮುಗಿದರೆ, ಒಳ್ಳೆಯ ಪರಾಗವು ಕೆಡುವ ಮೊದಲೇ ಕಾಯಿ ಕಚ್ಚುವುದು.

27 ಡಿಗ್ರಿಯಾದಾಗ: ಎಲ್ಲ ಕಿಂಡಿಗಳೂ ತೆರೆದಿರಬೇಕು. 30 ಡಿಗ್ರಿಯಾದಾಗ: ನೆರಳುಬಲೆಯನ್ನು ಎಳೆಯಬೇಕು. 32 ಡಿಗ್ರಿಯಾದಾಗ: ದಾರಿಯನ್ನು ನೆನಸಬೇಕು.

ಸಂಜೆ: ಬಲೆಯನ್ನು ಸರಿಸಿ ಕಿಂಡಿಗಳನ್ನು ರಾತ್ರಿಯಿಡೀ ತೆರೆದೇ ಬಿಡಬೇಕು. ಮುಂಗಾರಿನ ಮುಂಚಿನ ಗಾಳಿಮಳೆಯ ಸೂಚನೆ ಕಂಡರೆ ಗಾಳಿ ಬರುವ ಮಗ್ಗುಲನ್ನು ಮಾತ್ರ ಮುಚ್ಚಿ, ಮಳೆ ನಿಂತೊಡನೆ ತೆರೆಯತಕ್ಕದ್ದು.

9. ಮೀರಿ ಕಾದ ದಿನ ಮಾಡತಕ್ಕದ್ದು

ಯಾವ ಕಾರಣದಿಂದಲಾದರೂ ಮನೆಯು ಕಾದು ಗಿಡಗಳು ಬಾಡಿದ್ದರೆ, ಮೊದಲು ನೆರಳನ್ನು ಎಳೆದು, ಅನಂತರ ಕಿಂಡಿಗಳನ್ನು ತೆರೆದು, ಬುಡಕ್ಕೆ ನೀರು ಕೊಡಬೇಕು. ಆ ದಿನ ಗೊಬ್ಬರವನ್ನಾಗಲಿ ಔಷಧವನ್ನಾಗಲಿ ಕೊಡಕೂಡದು. ಎಲೆಗಳನ್ನು ಕೀಳಕೂಡದು, ಎಲೆಯೇ ಕಾಯಿಗೆ ಕೊಡೆ. ಸುಟ್ಟ ಕಾಯಿಗಳನ್ನೂ ತುದಿ ಕೊಳೆತವುಗಳನ್ನೂ ಮಾತ್ರ ತೆಗೆದುಹಾಕಬೇಕು. ಮುಂದಿನ ಒಂದೆರಡು ಗೊಂಚಲುಗಳು ಹಾಳಾದರೂ ಗಿಡವು ಬದುಕಿದ್ದರೆ, ಮನೆಯು ತಂಪಾದಮೇಲೆ ಬರುವ ಗೊಂಚಲುಗಳು ಕಾಯಿ ಕಚ್ಚುವುವು. ಆದುದರಿಂದ ಹತಾಶರಾಗಿ ಗಿಡಗಳನ್ನು ಕಿತ್ತುಹಾಕುವ ಅವಸರ ಬೇಡ.

10. ಕಾಲದ ಆಯ್ಕೆ

ಎಲ್ಲ ಉಪಾಯಗಳಿಗಿಂತಲೂ ಮಿಗಿಲಾದುದು ಕಾಲವನ್ನು ಅರಿತು ನೆಡುವುದು. ಆಷಾಢದಲ್ಲಿ ನೆಟ್ಟ ಬೆಳೆಯು ಮಾಘದವರೆಗೆ ತಂಪು ತಿಂಗಳುಗಳಲ್ಲಿ ಹೂಬಿಟ್ಟು ಫಲಕೊಡುವುದು. ರಾಯಚೂರು, ಕಲಬುರಗಿ, ವಿಜಯಪುರದಂತಹ ಸೀಮೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನ ಹೊರಗಿನ ಶಾಖವೇ 40 ಡಿಗ್ರಿಯನ್ನು ಮುಟ್ಟುವುದರಿಂದ, ಗಾಳಿಕಿಂಡಿಯ ಸಣ್ಣ ಮನೆಯಲ್ಲಿ ಆಗ ಟೊಮೆಟೊ ಹೂಬಿಡುವಂತೆ ನೆಡುವುದು ಅವಿವೇಕ.

ಅಂತಹ ಎರಡು ತಿಂಗಳಲ್ಲಿ ಶಾಖವನ್ನೇ ಆಳನ್ನಾಗಿ ಮಾಡಿಕೊಳ್ಳಬಹುದು. ಬೆಳೆಯನ್ನು ತೆಗೆದು, ನೆಲವನ್ನು ಹದವಾಗಿ ಅಗೆದು, ನೀರು ಹಾಯಿಸಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ಅಂಟುವಂತೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂಳಿ, ಮನೆಯ ಕಿಂಡಿಗಳನ್ನೆಲ್ಲ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಬೇಕು. ಬೇರುಗಳಲ್ಲಿ ಗಂಟು ಕಟ್ಟಿಸುವ ಜಂತುಹುಳುಗಳೂ ಕಳೆಯ ಬೀಜಗಳೂ ಅನೇಕ ಬೂಷ್ಟುರೋಗಗಳ ಮೂಲವೂ ಇದರಿಂದ ಬಹುಮಟ್ಟಿಗೆ ನಾಶವಾಗುವುವು. ಮುಂದಿನ ಬೆಳೆಗೆ ಇದು ಗೊಬ್ಬರ ಹಾಕಿದಷ್ಟೇ ಹಿತ.

11. ಗ್ರಾಮದ ಮುಖಂಡರು ಮಾಡಬಹುದಾದ ಸಹಾಯ

ಸಾಮಾನ್ಯ ರೈತನು ಮನೆಯನ್ನು ಕಟ್ಟುವವರ ಮಾತನ್ನೇ ನಂಬುವನು. ಖರ್ಚು ಉಳಿಸುವ ನೆವದಿಂದ ನೆತ್ತಿಕಿಂಡಿಯನ್ನು ಬಿಟ್ಟು, ಎತ್ತರವನ್ನು ತಗ್ಗಿಸಿ ಕಟ್ಟಿಕೊಟ್ಟರೆ ಅದರ ಕಷ್ಟವು ಬೇಸಗೆಯಲ್ಲಿಯೇ ತಿಳಿಯುವುದು. ಸಾಲದ ಕಂತಾದರೋ ಅಂದಿಗೂ ನಿಲ್ಲದು. ಆದುದರಿಂದ ತಿಳಿವಳಿಕೆಯುಳ್ಳ ಮುಖಂಡರು ಊರಿನಲ್ಲಿ ಹೊಸ ಮನೆ ಕಟ್ಟುವಾಗ ಕರಾರಿನಲ್ಲಿ ಎತ್ತರ, ಕಿಂಡಿಗಳ ಅಳತೆ, ಬಲೆಯ ಮೆಶ್ಶು ಇವುಗಳನ್ನು ಬರೆಸಿ, ಕಡೆಯ ಹಣವನ್ನು ಕೊಡುವ ಮುನ್ನ ಅಳೆದು ನೋಡುವಂತೆ ಮಾಡಬೇಕು. ನಾಲ್ಕಾರು ಜನರು ಕೂಡಿ ನೆರಳುಬಲೆಯನ್ನು ಒಟ್ಟಿಗೆ ತರಿಸಿದರೆ ವೆಚ್ಚವು ಕಡಮೆಯಾಗುವುದು. ಬೇಸಗೆಯಲ್ಲಿ ಕೊಳವೆಬಾವಿಯ ನೀರು ಎಷ್ಟು ಗಿಡಗಳಿಗೆ ಸಾಲುವುದೆಂದು ಮೊದಲೇ ಲೆಕ್ಕಹಾಕಿ ನೆಡುವಂತೆ ಹೇಳಬೇಕು. ಸಂದೇಹವಿದ್ದಲ್ಲಿ ಸಮೀಪದ ತೋಟಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ವಿಚಾರಿಸಬಹುದು.

ಸಾರಾಂಶ

(1) ಪ್ಲಾಸ್ಟಿಕ್ ಮನೆಯು ಕಾಯುವುದು ಗಾಳಿಯು ಸೆರೆಸಿಕ್ಕುವುದರಿಂದ. ಸಣ್ಣ ಮನೆಯು ಬೇಗ ಕಾಯುವುದು.

(2) ಎಲೆ ಬಾಡುವುದಕ್ಕೆ ಮುಂಚೆಯೇ ಪರಾಗವು ಕೆಡುವುದು. ಉಷ್ಣಮಾಪಕವನ್ನು ನೋಡಿ ಕೆಲಸ ಮಾಡಬೇಕು. ಗಿಡವು ಬಾಡುವವರೆಗೆ ಕಾಯಬಾರದು.

(3) ಮೊದಲು ಗಾಳಿ, ಅನಂತರ ನೆರಳು, ಅನಂತರ ನೀರು. ಈ ಕ್ರಮವನ್ನು ತಪ್ಪಿಸಕೂಡದು.

(4) ಬಲೆಯನ್ನು ಬಿಚ್ಚದೆ ಕಿಂಡಿಯನ್ನು ಹಿಗ್ಗಿಸಬೇಕು, ಬಲೆಯನ್ನು ತೊಳೆದಿಡಬೇಕು.

(5) ಹೊರಗೇ ಬೆಂಕಿಯಂತಿರುವ ತಿಂಗಳುಗಳಲ್ಲಿ ಬೆಳೆಗೆ ಬಿಡುವು ಕೊಟ್ಟು ಆ ಶಾಖದಿಂದ ನೆಲವನ್ನು ಶುದ್ಧಿಮಾಡಬೇಕು.

ಇಷ್ಟನ್ನು ಆಚರಣೆಗೆ ತರುವುದಕ್ಕೆ ಹೆಚ್ಚಿನ ಹಣವು ಬೇಕಾಗಿಲ್ಲ. ಬೆಳಗ್ಗೆ ಏಳು ಗಂಟೆಗೆ ಪರದೆಯನ್ನು ಎತ್ತುವುದಕ್ಕೆ ಒಂದು ಕೈ, ಮಧ್ಯಾಹ್ನ ಲೆಕ್ಕವನ್ನು ನೋಡುವುದಕ್ಕೆ ಒಂದು ಕಣ್ಣು ಇದ್ದರೆ ಸಾಕು. ಮನೆಯನ್ನು ಕಟ್ಟಿಸಿದ ಹಣವು ಹಿಂದಿರುಗುವುದೂ ಬಿಡುವುದೂ ಬಹುಮಟ್ಟಿಗೆ ಈ ಎರಡು ಅಭ್ಯಾಸಗಳನ್ನೇ ಅವಲಂಬಿಸಿರುವುದು.